ಪುಲ್ಲಿ ಕಿರ್ರ್ ಅಂದ್ರೆ ನಾವೇ ಬಿಚ್ಚೋದಾ, ಮೆಕ್ಯಾನಿಕ್ ಕರೆಸೋದಾ? ಕಪಿಲೆಯಿಂದ ಟಿಲ್ಲರ್‌ವರೆಗೆ ಒಂದು ಚರಿತ್ರೆ

ನಾಲೆಗೆ ನೀರು ಬಿಟ್ಟ ಮೇಲೆ ಕೆ.ಆರ್.ನಗರದ ಗದ್ದೆ ಬಯಲಲ್ಲಿ ಟಿಲ್ಲರ್‌ಗೆ ಬಿಡುವು ಅನ್ನೋದೇ ಇರಲ್ಲ. ಇದೇ ಸಮಯಕ್ಕೆ ಪುಲ್ಲಿ ಕಿರ್ರ್ ಅನ್ನೋಕೆ ಶುರು ಆಗುತ್ತೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದ್ರೆ "ನಾಳೆ ಬರ್ತೀನಿ ಅಣ್ಣ" ಅಂತಾರೆ, ಆ ನಾಳೆ ಮೂರು ದಿನ ಆಗುತ್ತೆ. ಅವರದೂ ತಪ್ಪಲ್ಲ, ಹತ್ತು ಊರಿಗೆ ಒಬ್ಬರು. ಅಷ್ಟರಲ್ಲಿ ನಾಟಿ ಆಳುಗಳು ಬೇರೆಯವರ ಗದ್ದೆಗೆ ಹೋಗಿರ್ತಾರೆ. ಅದಕ್ಕೇ ಸುಮಾರು ಜನ ಕೇಳ್ತಾರೆ, ಇದನ್ನ ನಾವೇ ಮಾಡ್ಕೊಬೋದಾ ಅಂತ. ಈ ಕೆಲಸ ಮೊದಲು ಯಾರ ಕೈಲಿತ್ತು, ಯಾವಾಗ ನಮ್ಮ ಕೈ ಬಿಟ್ಟು ಹೋಯ್ತು ಅಂತ ತಿಳಿದ್ರೆ ಉತ್ತರ ಸುಲಭ.

ಇಂಜಿನ್ ಬರೋ ಮುಂಚೇನೂ ನಮ್ಮಲ್ಲಿ ಕಿರುಗುಟ್ಟೋ ಗಾಲಿ ಇತ್ತು. ಕಪಿಲೆ ಬಾವಿ ನೋಡಿದ ಹಿರಿಯರು ಈಗಲೂ ಇದ್ದಾರೆ. ಜೋಡೆತ್ತು ಇಳಿಜಾರಲ್ಲಿ ಹಗ್ಗ ಎಳೀತಿದ್ವು, ತೊಗಲಿನ ಚೀಲದಲ್ಲಿ ನೀರು ಮೇಲಕ್ಕೆ ಬರ್ತಿತ್ತು, ಹಗ್ಗ ಮರದ ಗಾಲಿ ಮೇಲೆ ಓಡ್ತಿತ್ತು. ಗಾಲಿ ಕಿರುಗುಟ್ಟಿದ್ರೆ ಗಾಡಿ ಅಚ್ಚಿಗೆ ಹಾಕೋ ಕೀಲೆಣ್ಣೆನೇ ಅದಕ್ಕೂ. ಅಚ್ಚು ಸವೆದ್ರೆ ಮಾತ್ರ ಆಚಾರ್ರ ಹತ್ರ ಹೋಗೋದು. ಎಣ್ಣೆ ಹಾಕೋದು, ಹಗ್ಗ ಬದಲಾಯಿಸೋದು ನೀರು ಹೊಡೆಯೋನದೇ ಕೆಲಸ. ಹುಣಸೂರಲ್ಲಿ 19ನೇ ಶತಮಾನದಲ್ಲಿ ಸರ್ಕಾರದ್ದೇ ತೊಗಲು ಹದ ಮಾಡೋ ಕಾರ್ಖಾನೆ, ಮರದ ಯಾರ್ಡು ಇತ್ತು. ಅವು ಮುಚ್ಚಿದ ಮೇಲೂ ಕೆಲಸ ಕಲಿತವರು ಊರಲ್ಲೇ ಉಳಿದು ಸ್ವಂತಕ್ಕೆ ಅದನ್ನೇ ಮಾಡ್ಕೊಂಡು ಹೋದರು. ಕಾರ್ಖಾನೆ ಹೋದರೂ ಕೈಕೆಲಸ ಉಳೀತು.

ಆಮೇಲೆ ಆಯಿಲ್ ಇಂಜಿನ್ ಬಂತು. ಇಂಗ್ಲೆಂಡಿನ ಲಿಸ್ಟರ್ ಕಂಪನಿ 1929ರಲ್ಲಿ ನಿಧಾನಕ್ಕೆ ಓಡೋ ಒಂದು ಸಿಲಿಂಡರ್ ಡೀಸೆಲ್ ಇಂಜಿನ್ ತಂತು. ಗುಜರಾತಿನ ರಾಜಕೋಟ್‌ನಲ್ಲಿ ಅದೇ ಮಾದರಿ ಇಂಜಿನ್ ಮಾಡಿ ದೇಶಕ್ಕೆಲ್ಲಾ ಕಳಿಸಿದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಶುರು ಆಯ್ತು. ಲಿಸ್ಟರ್ ಮಾದರಿಯ 6 ಎಚ್.ಪಿ. ಇಂಜಿನ್ ನಿಮಿಷಕ್ಕೆ 650 ಸುತ್ತು. ನೀರೆತ್ತೋ ಪಂಪಿಗೆ ಸುಮಾರು 1500 ಸುತ್ತು ಬೇಕು. ಈ ವ್ಯತ್ಯಾಸ ತುಂಬೋದೇ ಪುಲ್ಲಿ ಕೆಲಸ. ಇಂಜಿನ್‌ಗೆ 14 ಇಂಚು, ಪಂಪಿಗೆ 6 ಇಂಚು ಪುಲ್ಲಿ ಹಾಕಿದ್ರೆ 650ನ್ನ 14ರಿಂದ ಗುಣಿಸಿ 6ರಿಂದ ಭಾಗಿಸಿ, 1516 ಬರುತ್ತೆ. ಆಗಿನ ಇಂಜಿನ್ ಓಡಿಸೋರಿಗೆ ಈ ಲೆಕ್ಕ ಬಾಯಲ್ಲೇ ಇರ್ತಿತ್ತು.

ಆ ಕಾಲದ್ದು ಪಟ್ಟಿ ಬೆಲ್ಟ್, ತೊಗಲಿಂದು ಇಲ್ಲ ಕ್ಯಾನ್ವಾಸ್‌ದು. ಪುಲ್ಲಿ ಮಧ್ಯ ಸ್ವಲ್ಪ ಉಬ್ಬಿರ್ತಿತ್ತು, ಬೆಲ್ಟ್ ಆಚೀಚೆ ಜಾರದೆ ನಡುವೆ ನಿಲ್ಲಲಿ ಅಂತ. ತಿರುಗೋ ದಿಕ್ಕು ಉಲ್ಟಾ ಬೇಕಾದ್ರೆ ಬೆಲ್ಟನ್ನ ಎಂಟರ ಹಂಗೆ ಅಡ್ಡ ಹಾಕೋರು. ರೈಸ್ ಮಿಲ್ಲಲ್ಲಿ, ಹಿಟ್ಟಿನ ಮಿಲ್ಲಲ್ಲಿ ಮೇಲೆ ಉದ್ದಕ್ಕೆ ಒಂದು ಶಾಫ್ಟು, ಅದರಿಂದ ಹಲ್ಲರ್‌ಗೊಂದು, ಕಲ್ಲಿಗೊಂದು ಬೆಲ್ಟ್ ಇಳಿಯೋದು. ಬೆಲ್ಟ್ ಹಿಗ್ಗಿದ್ರೆ ಕತ್ತರಿಸಿ ಮತ್ತೆ ಕೂಡಿಸಬೇಕು. ಒಣಗಿದ್ರೆ ತೊಗಲಿಗೆ ಹರಳೆಣ್ಣೆ, ಜಾರಿದ್ರೆ ರಾಳದ ಪುಡಿ. ಇದೆಲ್ಲಾ ಮಿಲ್ಲಿನವರೇ, ಇಂಜಿನ್ ಇಟ್ಟ ರೈತರೇ ಮಾಡೋರು, ಯಾಕಂದ್ರೆ ದಿನಾ ಮಾಡೋ ಕೆಲಸಕ್ಕೆ ಮೆಕ್ಯಾನಿಕ್ ಕರೆಯೋಕೆ ಆಗಲ್ಲ. ಪುಲ್ಲಿ ತೂತು ಸವೆದು ಅಲ್ಲಾಡಿದ್ರೆ ಮಾತ್ರ ಲೇತ್ ಅಂಗಡಿಗೆ. ನಮ್ಮ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮಾಡ್ತಿದ್ದದ್ದೇ ಲೇತ್ ಮಿಷನ್. ಅಂದ್ರೆ ಆಗಲೇ ಒಂದು ಗೆರೆ ಇತ್ತು. ಬೆಲ್ಟು, ಬಿಗಿ, ಎಣ್ಣೆ ಯಜಮಾನಂದು. ಕಬ್ಬಿಣ ಕೊರೆಯೋದು ಕಸುಬಿನೋರದ್ದು.

ಇದನ್ನ ಬದಲಾಯಿಸಿದ್ದು ವಿ ಬೆಲ್ಟ್. ಅಮೆರಿಕದ ಜಾನ್ ಗೇಟ್ಸ್ 1917ರಲ್ಲಿ ರಬ್ಬರಿನ ವಿ ಬೆಲ್ಟ್ ಕಂಡುಹಿಡಿದರು. ಇದು ಪುಲ್ಲಿ ಮೇಲೆ ಕೂರಲ್ಲ, ಗಾಡಿಯಲ್ಲಿ (ಗ್ರೂವ್ ಅಂತೀವಲ್ಲ) ಎರಡು ಪಕ್ಕದ ಗೋಡೆ ಹಿಡ್ಕೊಂಡು ಓಡುತ್ತೆ. ಜಾಗ ಕಡಿಮೆ ಸಾಕು, ಕೂಡಿಸೋ ಗೋಜಿಲ್ಲ, ತಿಂಗಳುಗಟ್ಟಲೆ ಮುಟ್ಟೋದೂ ಬೇಡ. ಇನ್ನೊಂದು ಕಡೆ ಕರೆಂಟ್ ಬಂದ ಮೇಲೆ ಮೋಟಾರು, ಪಂಪು ಒಂದೇ ಶಾಫ್ಟಿನ ಮಾನೋಬ್ಲಾಕ್, ಆಮೇಲೆ ಸಬ್‌ಮರ್ಸಿಬಲ್. ನೀರೆತ್ತೋ ಕೆಲಸದಲ್ಲಿ ಬೆಲ್ಟೇ ಮಾಯ. ಅನುಕೂಲ ಆಯ್ತು ನಿಜ. ಆದ್ರೆ ಬೆಲ್ಟ್ ಶಬ್ದ ಕೇಳಿ ರೋಗ ಹೇಳೋ ಅಭ್ಯಾಸ ನಮ್ಮ ಮನೆಗಳಲ್ಲಿ ಅಲ್ಲಿಗೇ ನಿಂತೋಯ್ತು.

ಬೆಲ್ಟ್ ಮತ್ತೆ ಮನೆಗೆ ಬಂದದ್ದು ಟಿಲ್ಲರ್ ಜೊತೆ. 1967ರಲ್ಲಿ ಬೆಂಗಳೂರಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಟಿಲ್ಲರ್ ಮಾಡ್ತು. 1973ರಲ್ಲಿ ಕೇರಳ ಸರ್ಕಾರದ ಕ್ಯಾಮ್ಕೋ ಬಂತು. ಇವುಗಳಲ್ಲಿ ಇಂಜಿನ್ ಶಕ್ತಿ ಗೇರ್‌ಬಾಕ್ಸ್ ಕಡೆಗೆ ಹೋಗೋದು ವಿ ಬೆಲ್ಟಲ್ಲೇ. ಟ್ರ್ಯಾಕ್ಟರ್ ಫ್ಯಾನ್ ಬೆಲ್ಟ್, ಮೇವು ಕತ್ತರಿಸೋ ಮಿಷನ್, ರಾಗಿ ಒಕ್ಕೋ ಮಿಷನ್ ಎಲ್ಲಾ ಅದೇ. ಬೆಲ್ಟ್ ಬಂತು, ವಿದ್ಯೆ ಬರಲಿಲ್ಲ. ಹಳೆ ಅಭ್ಯಾಸದ ಅರ್ಧ ಮಾತ್ರ ಉಳೀತು, ಶಬ್ದ ಬಂದ್ರೆ ಎಣ್ಣೆ ಬಿಡೋದು. ತೊಗಲಿಗೆ ಎಣ್ಣೆ ಒಳ್ಳೇದು, ರಬ್ಬರಿಗೆ ವಿಷ. ಗ್ರೀಸೋ ಎಣ್ಣೆಯೋ ತಾಗಿದ ವಿ ಬೆಲ್ಟ್ ಉಬ್ಬಿ, ಜಾರಿ ಬೇಗ ಹಾಳಾಗುತ್ತೆ.

ಹಂಗಾದ್ರೆ ಶಬ್ದ ಬಂದಾಗ ಏನು ನೋಡಬೇಕು? ದೂರ ನಿಂತು ಓಡೋ ಬೆಲ್ಟಿಗೆ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ. ಶಬ್ದ ಬದಲಾದ್ರೆ ರೋಗ ಬೆಲ್ಟಿಂದು: ಸಡಿಲ, ಇಲ್ಲ ಪುಲ್ಲಿಗಳು ಒಂದೇ ಗೆರೇಲಿಲ್ಲ. ಬದಲಾಗದಿದ್ರೆ ಬೇರಿಂಗ್ ಮೇಲೆ ಅನುಮಾನ. ಆಮೇಲೆ ಇಂಜಿನ್ ಆರಿಸಿ, ಬೆಲ್ಟ್ ತೆಗೆದು ಟೆನ್ಷನ್ ಪುಲ್ಲಿಯನ್ನ ಕೈಯಲ್ಲಿ ತಿರುಗಿಸಿ. ಮರಳು ಅರೆದಂಗೆ ಆದ್ರೆ, ಅಲ್ಲಾಡಿದ್ರೆ ಬೇರಿಂಗ್ ಹೋಗಿದೆ. ಎರಡು ಪುಲ್ಲಿ ಮುಖಕ್ಕೆ ದಾರ ಎಳೆದು ಹಿಡಿದ್ರೆ ಸೊಟ್ಟ ಇರೋದು ಗೊತ್ತಾಗುತ್ತೆ. ಬೆಲ್ಟ್ ಗಾಡಿಯ ತಳ ಮುಟ್ಟಿ, ತಳ ಫಳಫಳ ಹೊಳೀತಿದ್ರೆ ಪುಲ್ಲಿನೇ ಸವೆದಿದೆ, ಹೊಸ ಬೆಲ್ಟ್ ಹಾಕಿದ್ರೂ ಪ್ರಯೋಜನ ಇಲ್ಲ.

ಬೆಲ್ಟ್ ತರುವಾಗ ನಂಬರ್ ನೋಡಿ ತನ್ನಿ. ಎ ಅಂದ್ರೆ 13 ಮಿ.ಮೀ. ಅಗಲ, ಬಿ ಅಂದ್ರೆ 17, ಮುಂದಿನ ಅಂಕಿ ಒಳ ಉದ್ದ, ಇಂಚಲ್ಲಿ. ಜೊತೆ ಬೆಲ್ಟ್ ಇದ್ರೆ ಎಲ್ಲಾ ಒಟ್ಟಿಗೆ ಬದಲಾಯಿಸಿ. ಹಳೇದು ಹಿಗ್ಗಿರುತ್ತೆ, ಭಾರವೆಲ್ಲಾ ಹೊಸದರ ಮೇಲೇ ಬೀಳುತ್ತೆ. ಬೇರಿಂಗ್ ಪಕ್ಕದಲ್ಲೂ ನಂಬರ್ ಕೆತ್ತಿರ್ತಾರೆ. 6203 ಅಂದ್ರೆ ಒಳ ತೂತು 17 ಮಿ.ಮೀ., 6204 ಅಂದ್ರೆ 20. ಟೆನ್ಷನ್ ಪುಲ್ಲಿಗೆ ಹೊಸ ಬೇರಿಂಗ್ ಕೂರಿಸುವಾಗ ಹೊರಗಿನ ಬಳೆ ಮೇಲೆ ಮಾತ್ರ, ಸರಿಯಾದ ಅಳತೆಯ ಪೈಪ್ ತುಂಡು ಇಟ್ಟು, ಮೆಲ್ಲಗೆ ತಟ್ಟಿ. ಒಳ ಬಳೆಗೆ ಏಟು ಬಿದ್ರೆ ಗುಂಡುಗಳು ಅವತ್ತೇ ಕೆಡ್ತವೆ.

ಹಳೇ ಗೆರೆ ಇವತ್ತಿಗೂ ಸರಿ. ಬೆಲ್ಟ್, ಬಿಗಿ, ದಾರ ಹಿಡಿದು ನೇರ ಮಾಡೋದು, ಟೆನ್ಷನ್ ಪುಲ್ಲಿ ಬೇರಿಂಗ್, ಇವು ನಮ್ಮವು. ಎರಡು ಸ್ಪ್ಯಾನರ್, ಒಂದು ಗಂಟೆ ಸಾಕು. ಇಂಜಿನ್ ಶಾಫ್ಟಿನ ಪುಲ್ಲಿ, ಸವೆದ ಕೀ ಗಾಡಿ, ಟ್ರ್ಯಾಕ್ಟರ್ ವಾಟರ್ ಪಂಪ್ ಬೇರಿಂಗ್, ಇವು ಮೆಕ್ಯಾನಿಕ್‌ದು. ಪುಲ್ಲರ್ ಇಲ್ಲದೆ ಬೀಡು ಕಬ್ಬಿಣದ ಪುಲ್ಲಿಗೆ ಸುತ್ತಿಗೆಯಲ್ಲಿ ಹೊಡೆದ್ರೆ ಸೀಳು ಬಿಡುತ್ತೆ, ಶಾಫ್ಟಿಗೂ ಪೆಟ್ಟು. ಆಗ ಉಳಿಸಿದ ಕೂಲಿ ಹತ್ತರಷ್ಟಾಗಿ ಹೋಗುತ್ತೆ. ಮೆಕ್ಯಾನಿಕ್‌ಗೆ ಕೊಡೋ ದುಡ್ಡು ಅವರ ಪುಲ್ಲರ್‌ಗೆ, ಕೈ ಅನುಭವಕ್ಕೆ. ಅದರಲ್ಲಿ ಚೌಕಾಸಿ ಬೇಡ.

ಇನ್ನೊಂದು ಮಾತು. ಮಿಲ್ಲುಗಳ ಕಾಲದಿಂದಲೂ ಓಡೋ ಬೆಲ್ಟ್ ಸೆರಗು, ಟವೆಲು, ಬೆರಳು ಯಾವುದನ್ನೂ ಬಿಟ್ಟಿಲ್ಲ. ಇಂಜಿನ್ ಪೂರ್ತಿ ನಿಂತ ಮೇಲೇ ಕೈ ಹಾಕಿ, ಕೆಲಸ ಮುಗಿದ ಮೇಲೆ ಬೆಲ್ಟ್ ಮುಚ್ಚೋ ಗಾರ್ಡ್ ತಪ್ಪದೆ ಹಾಕಿ.

ನಾಲೆ ನೀರು ಬರೋಕೆ ಹದಿನೈದು ದಿನ ಮುಂಚೆ ಒಂದು ಬೆಳಗ್ಗೆ ಇದನ್ನೆಲ್ಲಾ ನೋಡಿ ಮುಗಿಸಿ. ಒಂದು ಜೊತೆ ಬೆಲ್ಟ್, ಒಂದು ಬೇರಿಂಗ್ ಮನೇಲಿ ಇರಲಿ, ಬಿಸಿಲು ಎಣ್ಣೆ ತಾಗದ ಕಡೆ. ಮಗನೋ ಮಗಳೋ ಪಕ್ಕದಲ್ಲಿದ್ರೆ ಅವರ ಕೈಗೂ ಒಂದು ಸ್ಪ್ಯಾನರ್ ಕೊಡಿ.