ಹಾಸನ ಜಿಲ್ಲೆಯ ಚುನಾವಣೆಗಳಲ್ಲಿ ಸಾಮಾಜಿಕ ಜಾಲತಾಣ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಚುನಾವಣಾ ಪ್ರಚಾರಕ್ಕೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್‌ಗಳು ಕಾಲಿಟ್ಟದ್ದು 2010ರ ದಶಕದಲ್ಲಿ. 2018ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಅವಿಲ್ಲದೆ ಪ್ರಚಾರವೇ ಇಲ್ಲ ಎನ್ನುವಂತಾಯಿತು. ಈ ಸೀಮೆಯಲ್ಲಿ ಜಾಲತಾಣ ಹಳೆಯ ನಂಟುಗಳನ್ನು ಪಕ್ಕಕ್ಕೆ ತಳ್ಳಲಿಲ್ಲ. ಊರು, ಕುಲ, ನೆಂಟಸ್ತಿಕೆ, ಸಹಕಾರ ಸಂಘ ಎಂಬ ಹಂಬುಗಳನ್ನೇ ಹಿಡಿದು ಹಬ್ಬಿತು.

ನಾಲ್ಕೂ ತಾಲ್ಲೂಕುಗಳು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಚನ್ನರಾಯಪಟ್ಟಣವಿರುವುದು ಶ್ರವಣಬೆಳಗೊಳ ವಿಧಾನಸಭಾ ಕ್ಷೇತ್ರದಲ್ಲಿ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಗೆದ್ದು ವಿಧಾನಸಭೆಗೆ ಹೋದರು, 1996ರಲ್ಲಿ ಪ್ರಧಾನಿಯಾದರು. ಅವರ ಕಾಲದ ರಾಜಕಾರಣ ನಡೆದದ್ದು ಸಂತೆ, ಜಾತ್ರೆ, ಮದುವೆಮನೆ, ಹಾಲಿನ ಡೇರಿ, ಅರಳಿಕಟ್ಟೆಗಳಲ್ಲಿ. ಸಾವಿನ ಮನೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಊರು ನೆನಪಿಟ್ಟುಕೊಳ್ಳುತ್ತಿತ್ತು. ಈಗಲೂ ನೆನಪಿಟ್ಟುಕೊಳ್ಳುತ್ತದೆ. ಆದರೆ ಬಂದವರ ಫೋಟೊ ಅವರು ವಾಪಸು ಕಾರು ಹತ್ತುವ ಮೊದಲೇ ಗ್ರೂಪಿನಲ್ಲಿರುತ್ತದೆ.

ಗ್ರೂಪುಗಳು ಚುನಾವಣೆಗೆಂದೇ ಹುಟ್ಟುವುದು ಕಡಿಮೆ. ಊರಿನ ಹೆಸರಿನದೊಂದು, ಯುವಕ ಸಂಘದ್ದೊಂದು, ಸಮುದಾಯದ್ದೊಂದು, ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳದ್ದೊಂದು ಎಂದು ಒಬ್ಬೊಬ್ಬರ ಫೋನಿನಲ್ಲೂ ಹಲವಿರುತ್ತವೆ. ಚನ್ನರಾಯಪಟ್ಟಣದ ಕಡೆ ಕೊಬ್ಬರಿ ಧಾರಣೆ, ಅರಕಲಗೂಡಿನ ಕಡೆ ತಂಬಾಕು ಮತ್ತು ಶುಂಠಿಯ ಬೆಲೆ, ಎಲ್ಲ ಕಡೆ ಪಂಪ್‌ಸೆಟ್ಟಿಗೆ ಕರೆಂಟು ಬರುವ ಹೊತ್ತು, ತಿಥಿ, ನಾಮಕರಣ: ವರ್ಷವಿಡೀ ಹರಿಯುವುದು ಇದೇ. ಚುನಾವಣೆ ಬಂದಾಗ ಈ ಕಾಲುವೆಗೇ ಪಕ್ಷದ ನೀರು ಬಿಡುತ್ತಾರೆ. ಅಭ್ಯರ್ಥಿಯ ಪುಟದಲ್ಲಿ ಹಾಕಿದ ವಿಡಿಯೊಗಿಂತ ಸೋದರಮಾವ ಕಳಿಸಿದ ಅದೇ ವಿಡಿಯೊ ಹೆಚ್ಚು ನಂಬಿಕೆ ಗಳಿಸುವುದು ಇದರಿಂದಲೇ. ಬೆಂಗಳೂರಿನಲ್ಲಿ ದುಡಿಯುವ ಹಾಸನದವರೂ ಇಲ್ಲೇ ಇರುತ್ತಾರೆ. ಮತದಾನಕ್ಕೆ ಊರಿಗೆ ಬನ್ನಿ ಎಂಬ ಕರೆ ಅವರಿಗೆ ಮೊದಲು ಮುಟ್ಟುವುದು ಫೋನಿನಲ್ಲಿ.

ಸ್ಟೇಟಸ್ಸಿನದು ಬೇರೆಯೇ ಲೆಕ್ಕ. ನಾಯಕರ ಹುಟ್ಟುಹಬ್ಬಕ್ಕೋ ಹಾಸನಾಂಬೆಯ ಬಾಗಿಲು ತೆರೆಯುವ ದಿನಕ್ಕೋ ಶುಭಾಶಯದ ಚಿತ್ರ ಹಾಕಿಕೊಳ್ಳುವುದು, ಹಿಂದೆ ಮನೆಯ ಮೇಲೆ ಬಾವುಟ ಕಟ್ಟುತ್ತಿದ್ದುದಕ್ಕೆ ಸಮ. ಯಾರು ಹಾಕಿದರು, ಯಾರು ತೆಗೆದರು ಎಂಬುದರಿಂದಲೇ ಊರಿನ ಒಲವನ್ನು ಓದುವ ಕಾರ್ಯಕರ್ತರಿದ್ದಾರೆ. ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತುವ ಬೂತ್ ಮಟ್ಟದ ಕೆಲಸವನ್ನು ಮಾತ್ರ ಫೋನು ಹಗುರಗೊಳಿಸಿದೆಯೇ ಹೊರತು ತಪ್ಪಿಸಿಲ್ಲ.

ಪಕ್ಷಾಂತರ ಹೆಚ್ಚಿರುವ ಕಡೆ ಹಳೆಯ ಭಾಷಣದ ವಿಡಿಯೊ ಎದುರಾಳಿಯ ಕೈಗೆ ಸಿಕ್ಕ ಕತ್ತಿ. ಅರಕಲಗೂಡಿನ ಎ. ಮಂಜು 2018ರಲ್ಲಿ ಕಾಂಗ್ರೆಸ್ಸಿನಿಂದ, 2019ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯಿಂದ, 2023ರಲ್ಲಿ ಜೆಡಿಎಸ್‌ನಿಂದ ಸ್ಪರ್ಧಿಸಿದರು. ಈ ಮೂರರಲ್ಲಿ ಕೊನೆಯದನ್ನು ಗೆದ್ದರು. ಮತದಾರ ಹೀಗೆ ಹಳೆಯ ಮಾತನ್ನು ಕೇಳಿಸಿಕೊಂಡೂ ತನ್ನದೇ ಲೆಕ್ಕ ಹಾಕುತ್ತಾನೆ. ಜಾಲತಾಣದ ಶಕ್ತಿಯನ್ನು ಅಳೆಯುವಾಗ ಇದನ್ನು ಮರೆಯಬಾರದು.

ನಗೆಯ ಅಸ್ತ್ರ ಪಕ್ಕದ ಮಂಡ್ಯದಿಂದ ಬಂತು. 2016ರ 'ಜಾಗ್ವಾರ್' ಚಿತ್ರದ ಸಮಾರಂಭವೊಂದರಲ್ಲಿ ದೇವೇಗೌಡರ ಮಗ ಎಚ್.ಡಿ. ಕುಮಾರಸ್ವಾಮಿ ತಮ್ಮ ಮಗನನ್ನು ಕರೆದ 'ನಿಖಿಲ್ ಎಲ್ಲಿದ್ದೀಯಪ್ಪಾ' ಎಂಬ ಮಾತು 2019ರಲ್ಲಿ ನಿಖಿಲ್ ಮಂಡ್ಯದ ಅಭ್ಯರ್ಥಿಯಾದಾಗ ಟ್ರೋಲ್ ಆಗಿ ನಾಡೆಲ್ಲ ಹರಡಿತು. ನಿಖಿಲ್ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಸುಮಲತಾ ಎದುರು ಸೋತರು. ಅದೇ ಚುನಾವಣೆಯಲ್ಲಿ ಹಾಸನದಲ್ಲಿ ಅದೇ ಕುಟುಂಬದ ಪ್ರಜ್ವಲ್ ರೇವಣ್ಣ ಗೆದ್ದರು. 2022ರ ಸೆಪ್ಟೆಂಬರಿನಲ್ಲಿ ಆಗಿನ ಮುಖ್ಯಮಂತ್ರಿಯ ವಿರುದ್ಧ ಕಾಂಗ್ರೆಸ್ ಬೆಂಗಳೂರಿನ ಗೋಡೆಗಳಿಗೆ ಅಂಟಿಸಿದ 'ಪೇಸಿಎಂ' ಭಿತ್ತಿಪತ್ರಗಳಲ್ಲಿ ಕ್ಯೂಆರ್ ಕೋಡ್ ಇತ್ತು. ಕಾಗದದಿಂದ ಫೋನಿಗೆ ದಾಟಿಸುವ ಈ ಉಪಾಯ ಜಿಲ್ಲೆ ಜಿಲ್ಲೆಗಳಲ್ಲಿ ಮಾತಾಯಿತು.

ಚುನಾವಣಾ ಆಯೋಗ 2013ರ ಅಕ್ಟೋಬರಿನಲ್ಲಿ ಜಾಲತಾಣಗಳನ್ನೂ ಮಾದರಿ ನೀತಿ ಸಂಹಿತೆಯ ಅಡಿಗೆ ತಂದಿತು. ಅಭ್ಯರ್ಥಿ ತನ್ನ ಖಾತೆಗಳ ವಿವರವನ್ನು ನಾಮಪತ್ರದ ಪ್ರಮಾಣಪತ್ರದಲ್ಲಿ ಬರೆಯಬೇಕು, ಜಾಹೀರಾತಿಗೆ ಮಾಧ್ಯಮ ಸಮಿತಿಯ ಪೂರ್ವಾನುಮತಿ ಪಡೆಯಬೇಕು, ಅದರ ಖರ್ಚನ್ನು ಲೆಕ್ಕಕ್ಕೆ ಸೇರಿಸಬೇಕು. ದೊಡ್ಡ ರಾಜ್ಯಗಳಲ್ಲಿ ಖರ್ಚಿನ ಮಿತಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ. ನೀತಿ ಸಂಹಿತೆಯ ಉಲ್ಲಂಘನೆ ಕಂಡವರು ಸಿ-ವಿಜಿಲ್ ಆ್ಯಪಿನಲ್ಲಿ ದೂರು ಕೊಟ್ಟರೆ 100 ನಿಮಿಷದೊಳಗೆ ಕ್ರಮವಾಗಬೇಕು. ಈ ನಿಯಮಗಳು ಹಣ ಕೊಟ್ಟು ಹಾಕಿಸುವ ಜಾಹೀರಾತಿಗೆ ಹೊಂದುತ್ತವೆ. ಬೀಗ ಹಾಕಿದ ಪತ್ರದಂತಿರುವ ವಾಟ್ಸ್‌ಆ್ಯಪ್ ಸಂದೇಶಕ್ಕೆ ಎಟುಕುವುದಿಲ್ಲ. ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆಗೆ ದಾಟಿಸುವ ಮಿತಿಯನ್ನು 2018ರಲ್ಲಿ ಕಂಪನಿಯೇ ಭಾರತದಲ್ಲಿ ಜಾರಿಗೆ ತಂದಿತು.

ಹಾಸನದ ಹೆಸರು ದೇಶವಿಡೀ ಕೇಳಿಬಂದದ್ದು 2024ರಲ್ಲಿ, ಬಹಳ ನೋವಿನ ಕಾರಣಕ್ಕೆ. ಏಪ್ರಿಲ್ 26ರ ಲೋಕಸಭಾ ಮತದಾನಕ್ಕೆ ಮುಂಚಿನ ದಿನಗಳಲ್ಲಿ, ಜೆಡಿಎಸ್–ಬಿಜೆಪಿ ಮೈತ್ರಿಯ ಅಭ್ಯರ್ಥಿಯಾಗಿದ್ದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದವೆನ್ನಲಾದ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಜಿಲ್ಲೆಯಲ್ಲಿ ಕೈಯಿಂದ ಕೈಗೆ ಹೋದವು, ಅಲ್ಲಿಂದ ಫೋನುಗಳಿಗೆ ಇಳಿದವು. ಹೆಂಗಸರ ಮುಖಗಳನ್ನು ಮರೆಮಾಡಿರಲಿಲ್ಲ. ಇದನ್ನು 'ಪೆನ್‌ಡ್ರೈವ್ ಪ್ರಕರಣ' ಎಂದು ಕರೆಯುವ ರೂಢಿ ಸರಿಯಲ್ಲ. ಮೊದಲ ಅಪರಾಧ ಆ ಹೆಂಗಸರ ಮೇಲೆ ನಡೆದ ದೌರ್ಜನ್ಯ. ಹಂಚಿದ್ದು ಅವರ ಮೇಲೆಯೇ ನಡೆದ ಎರಡನೆಯ ಅಪರಾಧ. ಮತಕ್ಕಾಗಿ ಹಂಚಿದವರಿಗೂ ಕುತೂಹಲಕ್ಕೆ ದಾಟಿಸಿದವರಿಗೂ ಅದು ಯಾರ ಅಕ್ಕ, ಯಾರ ತಾಯಿ ಎಂಬುದು ಗೊತ್ತಾಗುವಷ್ಟು ಚಿಕ್ಕದು ಈ ಸೀಮೆ. ಊರಿನ ಗ್ರೂಪಿಗೆ ಬಲ ಕೊಟ್ಟ ಆಪ್ತತೆಯೇ ಇಲ್ಲಿ ಸಂತ್ರಸ್ತೆಯರಿಗೆ ಮನೆಯಿಂದ ಹೊರಗೆ ಬರಲಾಗದಂಥ ಶಿಕ್ಷೆಯಾಯಿತು.

ರಾಜ್ಯ ಮಹಿಳಾ ಆಯೋಗ ಸರ್ಕಾರಕ್ಕೆ ಪತ್ರ ಬರೆಯಿತು. ಮತದಾನದ ಮರುದಿನ ಸರ್ಕಾರ ವಿಶೇಷ ತನಿಖಾ ತಂಡ ರಚಿಸುವುದಾಗಿ ಪ್ರಕಟಿಸಿತು. ಹೊಳೆನರಸೀಪುರ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ವಿದೇಶಕ್ಕೆ ಹೋಗಿದ್ದ ಪ್ರಜ್ವಲ್ ಮೇ 31ರಂದು ಮರಳಿದಾಗ ಬಂಧನವಾಯಿತು. ಅದರ ಹಿಂದಿನ ದಿನ 'ಹಾಸನ ಚಲೋ' ಎಂದು ನಾಡಿನ ಬೇರೆ ಬೇರೆ ಕಡೆಯಿಂದ ಬಂದ ಮಹಿಳಾ ಮತ್ತು ಪ್ರಗತಿಪರ ಸಂಘಟನೆಗಳು ಹಾಸನದ ಬೀದಿಗಳಲ್ಲಿ ಮೆರವಣಿಗೆ ನಡೆಸಿದ್ದವು. ಜೂನ್ 4ರ ಎಣಿಕೆಯಲ್ಲಿ ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ 42,649 ಮತಗಳ ಅಂತರದಿಂದ ಗೆದ್ದರು. ವಿಡಿಯೊಗಳಿಂದಲೇ ಫಲಿತಾಂಶ ಬದಲಾಯಿತೆನ್ನುವುದು ಅವಸರದ ಮಾತು. ಹಿಂದಿನ ವರ್ಷದ ವಿಧಾನಸಭಾ ಚುನಾವಣೆಯಲ್ಲೇ ಹೊಳೆನರಸೀಪುರದಲ್ಲಿ ಪ್ರಜ್ವಲ್ ಅವರ ತಂದೆ ಎಚ್.ಡಿ. ರೇವಣ್ಣ ಅವರ ಎದುರು ಶ್ರೇಯಸ್ ಸೋತದ್ದು ಸುಮಾರು 3 ಸಾವಿರ ಮತಗಳಿಂದ ಮಾತ್ರ. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣವೊಂದರಲ್ಲಿ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಪ್ರಕರಣದ ದೂರುದಾರೆ ಮನೆಗೆಲಸ ಮಾಡುತ್ತಿದ್ದ ಹೆಣ್ಣುಮಗಳು.

ವಿಡಿಯೊ ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧವೆಂದು 2024ರ ಮೇ ತಿಂಗಳಲ್ಲಿ ಎಚ್ಚರಿಸಿದ ತನಿಖಾ ತಂಡ, ಸಂತ್ರಸ್ತೆಯರಿಗಾಗಿ ಸಹಾಯವಾಣಿಯನ್ನೂ ತೆರೆದಿತ್ತು. ಕಚೇರಿಗೆ ಬರಬೇಕಾಗಿಲ್ಲ, ಒಂದು ಕರೆ ಮಾಡಿದರೆ ಸಾಕು, ಹೆಸರನ್ನು ಗುಟ್ಟಾಗಿಡುತ್ತೇವೆ ಎಂದು ತಿಳಿಸಿತ್ತು.