ಮಲ್ಲಿಗೆ ಮುಡಿದ ನಾಯಕಿ

ಕನ್ನಡದ ಜನಪ್ರಿಯ ಕಾದಂಬರಿಗಳನ್ನು ಓದುತ್ತ ಬೆಳೆದವರಿಗೆ ಆಕೆಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಮೊದಲ ಅಧ್ಯಾಯದಲ್ಲೇ ತಲೆಗೆ ನೀರೆರೆದುಕೊಂಡು, ನೀಳ ಕೂದಲಿನ ತುದಿಗೆ ಗಂಟು ಹಾಕಿ, ತುಳಸಿಕಟ್ಟೆಯ ಮುಂದೆ ರಂಗೋಲಿ ಬಿಡುತ್ತಿರುತ್ತಾಳೆ. ಹಣೆಯಲ್ಲಿ ಕಾಸಿನಗಲ ಕುಂಕುಮ, ಮುಡಿಯಲ್ಲಿ ಮಲ್ಲಿಗೆ, ಮೈಮೇಲೆ ಸರಿಗೆ ಅಂಚಿನ ಸೀರೆ. ಬಿ.ಎ. ಪಾಸಾಗಿರುತ್ತಾಳೆ, ಅದೂ ಮೊದಲ ದರ್ಜೆಯಲ್ಲಿ. ವೀಣೆ ಬಲ್ಲಳು, ಹೋಳಿಗೆಯನ್ನೂ ಬಲ್ಲಳು. ಹಿರಿಯರು ಮಾತನಾಡುವಾಗ ತಲೆ ತಗ್ಗಿಸುತ್ತಾಳೆ. ಆದರೆ ಆ ತಗ್ಗಿದ ಮುಖದ ಚೆಲುವನ್ನು ನಾಯಕ ನೋಡುವಂತೆ ಬಾಗಿಲ ಸಂದಿಯಿಂದ ಬೆಳಕೊಂದು ಬಿದ್ದೇ ಬೀಳುತ್ತದೆ.

ಆಕೆಯ ಎದುರಾಳಿಯೂ ನಮಗೆ ಗೊತ್ತು. ಕತ್ತರಿಸಿದ ಕೂದಲು, ತೋಳಿಲ್ಲದ ರವಿಕೆ, ತುಟಿಗೆ ಬಣ್ಣ, ಕ್ಲಬ್ಬು, ಕಾರು. ಮಾತಿನ ನಡುವೆ ಇಂಗ್ಲಿಷು. ಇವಳು ಅಡುಗೆಮನೆಗೆ ಕಾಲಿಟ್ಟರೆ ಹಾಲು ಉಕ್ಕಿ ಹೋಗುತ್ತದೆ. ಕಾದಂಬರಿಯ ಮುಕ್ಕಾಲು ಭಾಗದಷ್ಟು ಕಾಲ ನಾಯಕನ ಕಣ್ಣು ಇವಳ ಮೇಲಿರುತ್ತದೆ. ಕೊನೆಯ ಕಾಲು ಭಾಗದಲ್ಲಿ ಆತನಿಗೆ ಬುದ್ಧಿ ಬಂದು ಮಲ್ಲಿಗೆಯ ಕಡೆಗೆ ತಿರುಗುತ್ತಾನೆ.

ದಿನಕ್ಕೆ ಇಷ್ಟು ಪೈಸೆಯೆಂದು ಬಾಡಿಗೆ ಕೊಟ್ಟು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪುಸ್ತಕಗಳನ್ನು ನಮ್ಮ ಮನೆಯಲ್ಲಿ ಮೂರು ಜನ ಸರದಿಯ ಮೇಲೆ ಓದುತ್ತಿದ್ದೆವು. ಮಾರನೆಯ ದಿನ ಹಿಂದಿರುಗಿಸಬೇಕಾದ್ದರಿಂದ ಒಲೆಯ ಮುಂದೆಯೂ ಓದು ಸಾಗುತ್ತಿತ್ತು. ಬೆವರು, ಹೊಗೆ, ಮಸಿಬಟ್ಟೆಗಳ ನಡುವೆ ಕುಳಿತು, ಸಂಪ್ರದಾಯಸ್ಥಳೂ ಹೌದು ಅಪ್ಸರೆಯೂ ಹೌದು ಎಂಬಂಥ ಆ ಹುಡುಗಿಯ ಕಥೆ ಓದುವಾಗ ಒಂದು ಪ್ರಶ್ನೆ ಏಳಬೇಕಿತ್ತು: ನಮ್ಮಲ್ಲಿ ಸಂಪ್ರದಾಯ ಇಷ್ಟು ಚೆಂದ ಕಾಣತೊಡಗಿದ್ದು ಯಾವಾಗಿನಿಂದ?

ಏಕೆಂದರೆ ನಿಜವಾದ ಸಂಪ್ರದಾಯ ಹೇಗೆ ಕಾಣುತ್ತಿತ್ತೆಂಬುದಕ್ಕೆ ಕನ್ನಡದಲ್ಲೇ ಒಂದು ದಾಖಲೆಯಿದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಯಿತು. ಮಲೆನಾಡಿನ ಮನೆಯೊಂದರಲ್ಲಿ ಬದುಕಿ ಬಾಳಿದ ಹೆಂಗಸಿನ ನಿಜ ಕಥೆಯ ಆಧಾರದ ಮೇಲೆ ಬರೆದ ಕಾದಂಬರಿ ಅದು. ಅರಿಯದ ವಯಸ್ಸಿನಲ್ಲಿ ಮದುವೆ, ಕೆಲವೇ ತಿಂಗಳಲ್ಲಿ ವೈಧವ್ಯ, ಮೈನೆರೆದ ಮೇಲೆ ತಲೆ ಬೋಳಿಸುವ ಶಾಸ್ತ್ರ, ಆಮೇಲೆ ನೂರು ವರ್ಷ ದಾಟುವ ತನಕ ಮಡಿ, ಒಪ್ಪತ್ತು ಊಟ, ಎಲ್ಲರ ಮನೆಯ ಬಾಣಂತನ, ಎಲ್ಲರ ಮನೆಯ ದುಡಿತ. ಶಾಸ್ತ್ರವನ್ನು ಫಣಿಯಮ್ಮನಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ನಾಯಕಿ ಕನ್ನಡದಲ್ಲಿ ಇನ್ನೊಬ್ಬಳಿಲ್ಲ. ಆಕೆಗೆ ಕೂದಲಿಲ್ಲ, ಕುಂಕುಮವಿಲ್ಲ, ಮಲ್ಲಿಗೆಯಿಲ್ಲ. ತನ್ನ ಮಟ್ಟಿಗೆ ಎಲ್ಲವನ್ನೂ ಒಪ್ಪಿಕೊಂಡ ಅದೇ ಮುದುಕಿ, ಇನ್ನೊಬ್ಬ ಎಳೆಯ ವಿಧವೆಯ ತಲೆ ಬೋಳಿಸಲು ಹೊರಟಾಗ ಬೇಡವೆನ್ನುತ್ತಾಳೆ. ಸಂಪ್ರದಾಯದ ಬೆಲೆಯನ್ನು ಕಾಸು ಕಾಸಾಗಿ ತೆತ್ತವಳ ಮಾತು ಅದು. 1983ರಲ್ಲಿ ಪ್ರೇಮಾ ಕಾರಂತರು ಈ ಕಾದಂಬರಿಯನ್ನು ಚಿತ್ರ ಮಾಡಿದರು.

ಮುತ್ತೈದೆಯರ ಪಾಡಾದರೂ ಅಷ್ಟು ಸೊಗಸಾಗಿತ್ತೆಂದು ತಿಳಿಯಬೇಡಿ. ಹಳೆಯ ಕಟ್ಟಾ ಮನೆಗಳಲ್ಲಿ ಹೆಣ್ಣಿನ ಅಲಂಕಾರ ಹಬ್ಬ, ಹಸೆಗಳಿಗೆ ಮಾತ್ರ ಸೀಮಿತ. ಉಳಿದ ದಿನ ಸೊಸೆ ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಂತರೆ ಅತ್ತೆಯ ಕಣ್ಣು ಕೆಂಪಾಗುತ್ತಿತ್ತು; ದೀಪ ಹಚ್ಚಿದ ಮೇಲೆ ಕನ್ನಡಿ ನೋಡಿಕೊಳ್ಳುವುದಂತೂ ದೋಷವೇ. ಓದು ಬಂದರೆ ಗಂಡನಿಗೆ ಆಯುಸ್ಸು ಕಡಿಮೆ ಎಂಬ ನಂಬಿಕೆ ಬೇರೆ. ಇನ್ನು ಈ ಸಂಪ್ರದಾಯವೆಂಬುದು ನಾಡಿನ ಎಲ್ಲ ಹೆಂಗಸರದ್ದೂ ಆಗಿರಲಿಲ್ಲ. ನಾಟಿ ಹಾಕುವ, ಕಳೆ ಕೀಳುವ, ಸಂತೆಯಲ್ಲಿ ಕುಳಿತು ಮಾರುವ ಎಷ್ಟೋ ಜಾತಿಗಳ ಹೆಣ್ಣುಮಕ್ಕಳಿಗೆ ಕೂಡಿಕೆ, ಉಡಿಕೆ ಎಂಬ ಹೆಸರಿನಲ್ಲಿ ಮರುಮದುವೆಯ ವಾಡಿಕೆಯಿತ್ತು. ಕಾದಂಬರಿಯ ನಾಯಕಿ ‘ಭಾರತೀಯ ನಾರಿ’ ಎಂದು ಕರೆಸಿಕೊಂಡಾಗ ಇವರೆಲ್ಲ ಲೆಕ್ಕಕ್ಕೇ ಬರಲಿಲ್ಲ.

ಹಾಗಾದರೆ ಆ ಚೆಲುವೆ ಬಂದದ್ದೆಲ್ಲಿಂದ? ಆಕೆ ಉಟ್ಟದ್ದನ್ನೇ ಮೊದಲು ನೋಡೋಣ. ಮುಂದೆ ನೆರಿಗೆ, ಎಡಹೆಗಲ ಮೇಲೆ ಸೆರಗು, ಒಳಗೆ ಲಂಗ, ಮೇಲೆ ಹೊಲಿಸಿದ ರವಿಕೆ: ಇದು ಅನಾದಿ ಕಾಲದ ಉಡುಗೆಯೆಂಬಂತೆ ನಾವು ಮಾತನಾಡುತ್ತೇವೆ. ದೇಶದ ಮೊದಲ ಭಾರತೀಯ ಐ.ಸಿ.ಎಸ್. ಅಧಿಕಾರಿ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿ, ಗಂಡನೊಡನೆ ಮುಂಬಯಿ ಪ್ರಾಂತಕ್ಕೆ ಬಂದಾಗ ಪಾರಸಿ ಹೆಂಗಸರನ್ನು ನೋಡಿ, ನಾಲ್ಕು ಜನರ ಮುಂದೆ ಹೋಗಲು ಅನುಕೂಲವಾಗುವಂತೆ ಇಂಥ ಉಡುಗೆಯನ್ನು ರೂಪಿಸಿಕೊಂಡು ಬಂಗಾಳದಲ್ಲಿ ರೂಢಿಗೆ ತಂದರು. ಇದು 19ನೆಯ ಶತಮಾನದ ಉತ್ತರಾರ್ಧದ ಮಾತು. ಇದೇ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲೂ ನ್ಯಾಯಾಧೀಶರಾಗಿದ್ದರು. ಮನೆಯಿಂದ ಹೊರಗೆ ಹೋಗಲೆಂದು ಹುಟ್ಟಿದ ಉಡುಗೆ ಕಾದಂಬರಿಯಲ್ಲಿ ಮನೆಯೊಳಗೇ ಉಳಿಯುವವಳ ಲಕ್ಷಣವಾಯಿತು! 1894ರಲ್ಲಿ ರವಿವರ್ಮ ಮುದ್ರಣಾಲಯ ತೆರೆದ ಮೇಲೆ ನೆರಿಗೆ ಸೀರೆಯುಟ್ಟ ಲಕ್ಷ್ಮಿ, ಸರಸ್ವತಿಯರು ಅಗ್ಗದ ಬೆಲೆಗೆ ಮನೆಮನೆಯ ಗೋಡೆಗೆ ಬಂದರು. ದೇವತೆಗಳೇ ಉಟ್ಟ ಮೇಲೆ ಅದು ಹೊಸದೆಂದು ಹೇಳುವವರಾರು? ನಾಯಕಿಗೆ ಪ್ರಿಯವಾದ ಮೈಸೂರು ರೇಷ್ಮೆಯೂ ಅಷ್ಟೆ. ಅದು 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ತರಿಸಿದ ಯಂತ್ರಮಗ್ಗಗಳ ಮೇಲೆ ನೇಯಲು ತೊಡಗಿದ ಬಟ್ಟೆ. ಆಕೆಯ ಮೈಯಿಂದ ಸೂಸುವ ಗಂಧದ ಸಾಬೂನಿನ ಪರಿಮಳ 1916ರ ಸುಮಾರಿಗೆ ಸಂಸ್ಥಾನ ಗಂಧದೆಣ್ಣೆ ತೆಗೆಯತೊಡಗಿದ ನಂತರ ಬಂದದ್ದು.

ಇನ್ನು ವೀಣೆ. ಇದರ ಕಥೆ ಇನ್ನೂ ಕಹಿ. ಸಭೆಯಲ್ಲಿ ಕುಳಿತು ಹಾಡುವುದು, ಕುಣಿಯುವುದು, ಕಾವ್ಯ ಓದಿ ಅರ್ಥ ಹೇಳುವುದು ಬಹುಕಾಲ ದೇವದಾಸಿಯರ ವಿದ್ಯೆ. ಸಂಸಾರಸ್ಥರ ಮನೆಯ ಹೆಣ್ಣಿಗೆ ಹಸೆಗೆ ಕರೆಯುವ ಹಾಡು, ಆರತಿ ಹಾಡು ಸಾಕಾಗಿತ್ತು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ಈ ವಿದ್ಯೆಯ ಕೊನೆಯ ದೊಡ್ಡ ಹೆಸರುಗಳಲ್ಲಿ ಒಬ್ಬರು. ಮುದ್ದುಪಳನಿ ಎಂಬ ಕವಯಿತ್ರಿ 18ನೆಯ ಶತಮಾನದಲ್ಲಿ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಅವರು 1910ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಅದು ಅಶ್ಲೀಲವೆಂದು ಗದ್ದಲವೆದ್ದು ಸರ್ಕಾರ ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ಅತ್ತ 1909ರಲ್ಲೇ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಆ ಪದ್ಧತಿಯಲ್ಲಿ ಹೆಣ್ಣಿಗೆ ಆಗುತ್ತಿದ್ದ ಅನ್ಯಾಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪದ್ಧತಿ ಹೋದ ಮೇಲೆ ಆದದ್ದೇನು? ಆ ಹೆಂಗಸರು ಬೀದಿಗೆ ಬಿದ್ದರು, ಅವರ ವಿದ್ಯೆ ಮಾತ್ರ ನಡುಮನೆಗೆ ಬಂತು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸಿ “ಹುಡುಗಿಗೆ ಹಾಡು ಬರುತ್ತದೆಯೇ?” ಎಂದು ಕೇಳತೊಡಗಿದರು. ಚಾಪೆಯ ಮೇಲೆ ಕುಳಿತು ನಡುಗುವ ದನಿಯಲ್ಲಿ ಕೀರ್ತನೆ ಹಾಡಿದ ಹುಡುಗಿಯರಲ್ಲಿ ಎಷ್ಟು ಮಂದಿಗೆ ಈ ಹಿಂದಿನ ಕಥೆ ಗೊತ್ತಿತ್ತು?

ಮೂರನೆಯದು ಓದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ‘ಇಂದಿರಾಬಾಯಿ’ಯನ್ನು ಗುಲ್ವಾಡಿ ವೆಂಕಟರಾಯರು ಬರೆದರು, ಅದು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಅಲ್ಲಿ ನಾಯಕಿ ಎಳೆಯ ವಿಧವೆ. ಮಡಿ, ಭಜನೆ, ಸಂತಮಂಡಳಿಗಳ ವೇಷದೊಳಗೆ ಕೊಳೆತು ನಾರುವ ಮನೆಯನ್ನು ಬಿಟ್ಟು ಆಕೆ ಓಡಿಹೋಗುತ್ತಾಳೆ, ಓದುತ್ತಾಳೆ, ಮತ್ತೆ ಮದುವೆಯಾಗುತ್ತಾಳೆ. ಗಮನಿಸಿ: ನಮ್ಮ ಮೊದಲ ಕಾದಂಬರಿಯಲ್ಲಿ ಚೆಲುವು, ಗುಣ, ಓದು ಮೂರೂ ಸುಧಾರಣೆಯ ಪಕ್ಷದಲ್ಲಿದ್ದವು. ಸಂಪ್ರದಾಯದ ಪಕ್ಷದಲ್ಲಿ ಇದ್ದದ್ದು ಡಂಭಾಚಾರ.

ಮುಂದೆ ತಕ್ಕಡಿ ಯಾಕೆ ವಾಲಿತು? ಗಂಡಸು ಕಚೇರಿಗೆ ಕೋಟು, ಷರಾಯಿ ಹಾಕಿಕೊಂಡು ಹೋದ, ಕ್ರಾಪು ಬಿಟ್ಟ, ಹೋಟೆಲಿನಲ್ಲಿ ತಿಂದ. ಅದಕ್ಕೆಲ್ಲ ಪ್ರಾಯಶ್ಚಿತ್ತ ಮಾಡುವ ಹೊಣೆ ಮನೆಯಲ್ಲಿದ್ದ ಹೆಂಗಸಿನ ಸೀರೆಯ ಮೇಲೆ ಬಿತ್ತು. ದೇಶಾಭಿಮಾನದ ದಿನಗಳಲ್ಲಿ ಅದು ಗೌರವದ ಸ್ಥಾನವಾಗಿಯೂ ಕಂಡಿತು. ನಾಗರತ್ನಮ್ಮನವರ ಊರಿನಲ್ಲೇ 1887ರಲ್ಲಿ ಹುಟ್ಟಿದ ತಿರುಮಲಾಂಬಾ ಹದಿನಾಲ್ಕನೆಯ ವಯಸ್ಸಿಗೆ ವಿಧವೆಯಾದರು. ಮನೆಯಲ್ಲೇ ಓದಿ ಬರೆದು, ‘ಸತೀಹಿತೈಷಿಣಿ’ ಗ್ರಂಥಮಾಲೆ ಕಟ್ಟಿ, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದ ಧೀರೆ ಅವರು. 1913ರಲ್ಲಿ ಬಂದ ಅವರ ‘ಸುಶೀಲೆ’ ಹಲವು ಮುದ್ರಣ ಕಂಡಿತು. ಅದು ಹೆಸರೇ ಹೇಳುವಂತೆ ಸದ್ಗುಣಿ ಹೆಂಡತಿಯ ಕಥೆ. ಬರೆದಾಕೆ ಒಂಟಿಯಾಗಿ ಪುಸ್ತಕೋದ್ಯಮ ನಡೆಸಿದರೂ ಬರೆದದ್ದು ಪತಿವ್ರತೆಯ ಕಥೆಯನ್ನೇ. ಇದನ್ನು ಹೇಡಿತನವೆನ್ನಲು ನನ್ನ ಮನಸ್ಸು ಒಪ್ಪದು. ಓದು ಬಂದರೆ ಹೆಣ್ಣು ಕೆಡುತ್ತಾಳೆಂದು ಊರೆಲ್ಲ ನುಡಿಯುವಾಗ, ಕೆಡುವುದಿಲ್ಲ ನೋಡಿ ಎಂದು ತೋರಿಸಲು ಸುಶೀಲೆಯೇ ಬೇಕಾಗಿದ್ದಳು. ಓದಿದವಳಿಗೆ ಕುಂಕುಮ, ಮಲ್ಲಿಗೆಗಳೇ ರಹದಾರಿಯಾದವು.

ಕಷ್ಟವೆಂದರೆ, ದಾರಿ ತೆರೆದ ಮೇಲೂ ರಹದಾರಿ ಕೇಳುವುದು ನಿಲ್ಲಲಿಲ್ಲ. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಬಂದವು. ವಾರವಾರ ಧಾರಾವಾಹಿಗಾಗಿ ಕಾಯುವ ಹೆಣ್ಣುಮಕ್ಕಳು ಪ್ರತಿ ಊರಿನಲ್ಲೂ ಹುಟ್ಟಿಕೊಂಡರು. ಆ ಹೊತ್ತಿಗೆ ನಮ್ಮ ನಡುವೆ ಟೀಚರುಗಳು, ಗುಮಾಸ್ತೆಯರು, ನರ್ಸುಗಳು, ಡಾಕ್ಟರುಗಳು ಎಲ್ಲ ಇದ್ದರು. ಜನಪ್ರಿಯ ಕಾದಂಬರಿಯ ನಾಯಕಿಯೂ ಕೆಲಸಕ್ಕೆ ಹೋದಳು, ಆದರೆ ಮದುವೆಯಾಗುವ ತನಕ, ಇಲ್ಲವೆ ತಮ್ಮನ ಓದು ಮುಗಿಯುವ ತನಕ. ಕೊನೆಯ ಅಧ್ಯಾಯದಲ್ಲಿ ರಾಜೀನಾಮೆ ಪತ್ರ ಬರೆದಿಟ್ಟು ಕಾಫಿ ಬೆರೆಸಲು ಒಳಗೆ ಹೋದಳು. ಆ ಕಾಫಿಗೆ ಲೇಖಕರು ಬಹಳ ಪರಿಮಳ ತುಂಬಿದರು. ಬೆಳಗ್ಗೆ ಎಂಟೂವರೆಯ ಬಸ್ಸು ಹಿಡಿದು, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಓಡುವ ಓದುಗಳಿಗೆ ಆ ಪುಟ ಒಂದು ಬಗೆಯ ಛೀಮಾರಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆಕೆ ಚೆಲುವೆ, ಸಂಸ್ಕೃತಿವಂತೆ. ಬೆವರುವ ನಾನು ಯಾರು?

ಈ ಗೊಂಬೆಯನ್ನು ಒಳಗಿನಿಂದಲೇ ಒಡೆದು ನೋಡಿದವರು ತ್ರಿವೇಣಿ. ಮನಶ್ಶಾಸ್ತ್ರ ಓದಿದ್ದ ಅವರು 1963ರಲ್ಲಿ, 35 ತುಂಬುವ ಮುನ್ನವೇ ತೀರಿಕೊಂಡರು. ‘ಶರಪಂಜರ’ದ ಕಾವೇರಿಯಲ್ಲಿ ಸಿದ್ಧ ನಾಯಕಿಯ ಎಲ್ಲ ಲಕ್ಷಣವೂ ಇದೆ: ರೂಪ, ಓದು, ಗಂಡನಲ್ಲಿ ಪ್ರೀತಿ, ಒಪ್ಪವಾದ ಮನೆ, ಮಕ್ಕಳು. ಆಮೇಲೆ ಬಾಣಂತನದಲ್ಲಿ ಆಕೆಯ ಮನಸ್ಸು ಕೆಡುತ್ತದೆ. ಗುಣವಾಗಿ ಆಸ್ಪತ್ರೆಯಿಂದ ಹಿಂದಿರುಗಿದರೆ ಮನೆಯವರ ಕಣ್ಣಿನಲ್ಲಿ ಆಕೆ ಇನ್ನೂ ಹುಚ್ಚಿಯೇ. ಇಷ್ಟೆಲ್ಲ ಲಕ್ಷಣ ಕೂಡಿಸಿಕೊಂಡದ್ದರಿಂದ ನನಗೇನು ರಕ್ಷಣೆ ಸಿಕ್ಕಿತು ಎಂಬುದು ಆ ಕಾದಂಬರಿ ಕೇಳುವ ಪ್ರಶ್ನೆ. ‘ಬೆಳ್ಳಿಮೋಡ’ದ ಇಂದಿರೆ ಇನ್ನೊಂದು ಬಗೆ. ಆಸ್ತಿಯಾಸೆಗೆ ಒಪ್ಪಿ, ಆಸ್ತಿ ಕೈತಪ್ಪಿದಾಗ ಕೈಬಿಟ್ಟವನಿಗೆ ಶುಶ್ರೂಷೆ ಮಾಡುತ್ತಾಳೆ. ಅದರಿಂದ ಮನಕರಗಿ ಆತ ಮದುವೆಯಾಗುತ್ತೇನೆಂದಾಗ ಮಾತ್ರ ಒಲ್ಲೆನೆನ್ನುತ್ತಾಳೆ. ಎರಡನ್ನೂ ಪುಟ್ಟಣ್ಣ ಕಣಗಾಲರು ತೆರೆಗೆ ತಂದರು, ಒಂದನ್ನು 1971ರಲ್ಲಿ, ಇನ್ನೊಂದನ್ನು 1967ರಲ್ಲಿ. ಎರಡರಲ್ಲೂ ಕಲ್ಪನಾ ನಾಯಕಿ. ವಿಪರ್ಯಾಸ ನೋಡಿ: ‘ಶರಪಂಜರ’ ನೋಡಿ ಅತ್ತು ಹೊರಬಂದ ಎಷ್ಟೋ ಮಂದಿ ಮಾರನೆಯ ದಿನ ಕಲ್ಪನಾ ಉಟ್ಟಂಥ ಸೀರೆ, ತೊಟ್ಟಂಥ ರವಿಕೆ ಹುಡುಕಿಕೊಂಡು ಅಂಗಡಿಗೆ ಹೋದರು. ಕಾವೇರಿಯ ಪ್ರಶ್ನೆ ಟಾಕೀಸಿನಲ್ಲೇ ಉಳಿಯಿತು, ಸೀರೆ ಮನೆಗೆ ಬಂತು.

ಇಂದಿನ ದೂರದರ್ಶನ ಧಾರಾವಾಹಿಗಳಲ್ಲೂ ಅದೇ ಸೀರೆ. ನಾಯಕಿ ರೇಷ್ಮೆಯಲ್ಲೇ ಮಲಗಿ ರೇಷ್ಮೆಯಲ್ಲೇ ಏಳುತ್ತಾಳೆ, ಮುಡಿಯ ಹೂ ಬಾಡುವುದಿಲ್ಲ. ಮೋಸ ಮಾಡುವವಳ ತುಟಿಯ ಬಣ್ಣ ಈಗಲೂ ಎರಡು ಪಟ್ಟು ಗಾಢ. ಇವನ್ನು ನೋಡಬಾರದೆಂದೋ, ಹಳೆಯ ಕಾದಂಬರಿಗಳನ್ನು ಅಟ್ಟಕ್ಕೆ ಹಾಕಬೇಕೆಂದೋ ನಾನು ಹೇಳಲಾರೆ. ಮಧ್ಯಾಹ್ನದ ಒಂದು ಗಂಟೆ ನನ್ನದು, ಯಾರೂ ಕರೆಯಬೇಡಿ ಎಂದು ಹೇಳುವ ಧೈರ್ಯವನ್ನು ಸಾವಿರಾರು ಗೃಹಿಣಿಯರಿಗೆ ಕೊಟ್ಟದ್ದು ಆ ಬಾಡಿಗೆ ಪುಸ್ತಕಗಳೇ. ಮಲ್ಲಿಗೆಯ ಮೇಲೂ ನನಗೆ ಸಿಟ್ಟಿಲ್ಲ; ಮುಡಿಯುವುದೆಂದರೆ ಇಂದಿಗೂ ಇಷ್ಟ. ಇದು ನಮ್ಮ ಹಿರಿಯರಿಂದ ಬಂದದ್ದು, ಹೀಗಿದ್ದರೇನೇ ಹೆಣ್ಣು ಎಂದು ಯಾರಾದರೂ ಮಗಳ ಮುಂದೆ ಆ ಚಿತ್ರವನ್ನು ಹಿಡಿದಾಗ, ಅದರ ಪಕ್ಕದಲ್ಲಿ ಇನ್ನೂ ಇಬ್ಬರನ್ನು ನಿಲ್ಲಿಸಿ ತೋರಿಸಬೇಕು: ತನ್ನ ವಿದ್ಯೆ ಬಿಟ್ಟುಕೊಟ್ಟು ಹೆಸರಿಲ್ಲದೆ ಹೋದ ದೇವದಾಸಿಯನ್ನು, ಮತ್ತು ಹಿತ್ತಲ ಬಾಗಿಲಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕುಳಿತ ಫಣಿಯಮ್ಮನನ್ನು. ಅವರೂ ನಮ್ಮ ಹಿರಿಯರೇ.