ಕಪ್ಪೆ ಕೂಗಿದ ತಾರೀಖು

ಸಂಜೆಯ ಕೃಷಿ ಕಾರ್ಯಕ್ರಮದ ಕೊನೆಗೆ ಬರುವ ಹವಾಮಾನ ವರದಿಯನ್ನು ನೀವು ಕೇಳಿಯೇ ಇರುತ್ತೀರಿ. ಯಾವ ಜಿಲ್ಲೆಯಲ್ಲಿ ಎಷ್ಟು ಮಿಲಿಮೀಟರು ಮಳೆ, ಗರಿಷ್ಠ ಉಷ್ಣವೆಷ್ಟು, ಕನಿಷ್ಠವೆಷ್ಟು, ಎಲ್ಲವೂ ಅಲ್ಲಿ ಸಿಕ್ಕುತ್ತದೆ. ಆದರೆ ನಿಮ್ಮ ಊರ ಹೊಲದ ಬದುವಿನಲ್ಲಿ ಹೊಂಗೆ ಚಿಗುರಿದ್ದು ಈ ವರ್ಷ ಯಾವ ದಿನ? ಹೊಂಡದಲ್ಲಿ ಕಪ್ಪೆ ಮೊದಲು ದನಿ ತೆಗೆದದ್ದು ಎಂದು? ಹತ್ತು ವರ್ಷದ ಹಿಂದೆ ಅದು ಎಂದಾಗಿತ್ತು? ಬೇಸಾಯದ ಮನೆಯಲ್ಲಿ ಹುಟ್ಟಿ ಉದ್ಯೋಗಕ್ಕಾಗಿ ಪಟ್ಟಣ ಸೇರಿದವರು ನಮ್ಮಲ್ಲಿ ಎಷ್ಟೋ ಜನರಿದ್ದೇವೆ. ಈ ಪ್ರಶ್ನೆಗೆ ನಾವು 'ಯುಗಾದಿಯ ಸುಮಾರಿಗೆ', 'ರೋಹಿಣಿ ಮಳೆಯ ಹೊತ್ತಿಗೆ' ಎಂದು ಹೇಳಬಲ್ಲೆವೇ ಹೊರತು ತಾರೀಖು ಹೇಳಲಾರೆವು.

ಇಂತಹ ತಾರೀಖುಗಳನ್ನು ಬರೆದಿಡುವುದನ್ನೇ ಮನೆತನದ ಪದ್ಧತಿಯನ್ನಾಗಿ ಮಾಡಿಕೊಂಡು ಇನ್ನೂರು ವರ್ಷಕ್ಕೂ ಮೀರಿ ನಡೆಸಿದ ಒಂದು ಕುಟುಂಬದ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ನಾರ್ಫೋಕ್ ಎಂಬ ಪ್ರಾಂತವಿದೆ. ಬೇಸಾಯಕ್ಕೆ ಹೆಸರಾದ ನಾಡು. ಅಲ್ಲಿಯ ಸ್ಟ್ರಾಟನ್ ಸ್ಟ್ರಾಲೆಸ್ ಎಂಬ ಹಳ್ಳಿಯಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರನಿದ್ದನು. ಹುಟ್ಟಿದ್ದು 1708ರಲ್ಲಿ, ತೀರಿಕೊಂಡದ್ದು 1797ರಲ್ಲಿ. ಮರ ನೆಡುವುದೆಂದರೆ ಈತನಿಗೆ ಒಂದು ಗೀಳು. ನೆಟ್ಟರೆ ಸಾಲದು, ವರ್ಷ ವರ್ಷವೂ ಕಾಂಡದ ಸುತ್ತಳತೆ ತೆಗೆಯಬೇಕು. ಬೀಚ್ ಮರದ ಕಾಂಡವನ್ನು ನೀರು ಹಾಕಿ ಉಜ್ಜಿ ತೊಳೆದರೆ ಮರ ಬೇಗ ದಪ್ಪವಾದೀತೇ ಎಂದು ಪರೀಕ್ಷೆ ಮಾಡಿ, ಅದರ ಫಲವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದ ಮನುಷ್ಯ. ಎಮ್ಮೆಯ ಮೈ ತೊಳೆದಂತೆ ಮರದ ಮೈ ತೊಳೆಯುವ ಯಜಮಾನನನ್ನು ಕಂಡು ಆ ಊರ ಆಳುಗಳು ಏನೆಂದುಕೊಂಡರೋ!

ಈತನು 1736ರಲ್ಲಿ, ಇಪ್ಪತ್ತೆಂಟು ವರ್ಷದವನಾಗಿದ್ದಾಗ, ವಸಂತದ ಗುರುತುಗಳನ್ನು ಬರೆದಿಡಲು ಆರಂಭಿಸಿದನು. ಸ್ನೋಡ್ರಾಪ್ ಎಂಬ ಬಿಳಿಯ ಹೂ ಅರಳಿದ ದಿನ, ಥ್ರಷ್ ಹಕ್ಕಿ ಮೊದಲು ಹಾಡಿದ ದಿನ, ಕಪ್ಪೆ ವಟಗುಟ್ಟಿದ ದಿನ, ಹಳದಿ ಚಿಟ್ಟೆ ಕಂಡ ದಿನ, ಕಾಗೆಯ ಜಾತಿಯ ರೂಕ್ ಹಕ್ಕಿ ಗೂಡಿಗೆ ಕಡ್ಡಿ ಹೊತ್ತ ದಿನ, ಹೊಲದಲ್ಲಿ ಟರ್ನಿಪ್ ಗಡ್ಡೆಯ ಗಿಡ ಹೂ ಬಿಟ್ಟ ದಿನ. ಓಕ್, ಆಷ್, ಬರ್ಚ್ ಮೊದಲಾದ ಮರಗಳು ಎಲೆ ತೆರೆದ ದಿನ. ಒಟ್ಟು ಇಪ್ಪತ್ತೇಳು ಗುರುತುಗಳು. ಇಪ್ಪತ್ತೇಳೆಂದರೆ ನಮಗೆ ಅಶ್ವಿನಿಯಿಂದ ರೇವತಿಯವರೆಗಿನ ಎಣಿಕೆ ನೆನಪಾಗುತ್ತದೆ. ಇದು ಬರಿಯ ಕಾಕತಾಳೀಯವೆಂದು ಹೇಳಿ ಮುಂದೆ ಹೋಗುತ್ತೇನೆ.

ಪಟ್ಟಿಯಲ್ಲಿರುವ ಕುಕ್ಕೂ ಎಂಬ ಹಕ್ಕಿಯ ವಿಷಯವಾಗಿಯೂ ಒಂದು ಮಾತು. ನಮ್ಮ ಪಠ್ಯಪುಸ್ತಕಗಳಲ್ಲಿ ಅದನ್ನು ಕಣ್ಣುಮುಚ್ಚಿ 'ಕೋಗಿಲೆ' ಎಂದು ಅನುವಾದಿಸುತ್ತಾರೆ. ಅದು ಕೋಗಿಲೆಯ ದಾಯಾದಿಯೇ ಸರಿ, ಕೋಗಿಲೆಯಲ್ಲ. ನಮ್ಮದು ಕಾಗೆಯ ಗೂಡಿಗೆ ಮೊಟ್ಟೆ ಸೇರಿಸುತ್ತದೆ. ಅವರದು ತನಗಿಂತ ಎಷ್ಟೋ ಸಣ್ಣದಾದ ಹಕ್ಕಿಗಳ ಗೂಡಿಗೆ. ನೈಟಿಂಗೇಲ್ ಹಕ್ಕಿಯನ್ನು ಬುಲ್‌ಬುಲ್ ಎನ್ನುವುದೂ ಇಂತಹುದೇ ತಪ್ಪು.

ಮಾರ್ಷಮನು ಐವತ್ತಕ್ಕೂ ಹೆಚ್ಚು ವರ್ಷಗಳ ಈ ಟಿಪ್ಪಣಿಯನ್ನು 1789ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದೇ ಹೊತ್ತಿಗೆ ದಕ್ಷಿಣದ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟನು ತನ್ನ ಊರಿನ ಪ್ರಾಣಿಪಕ್ಷಿಗಳ ವಿಚಾರವಾಗಿ ಬರೆದ ಪತ್ರಗಳ ಪುಸ್ತಕವೂ ಹೊರಬಂದಿತು. ವೈಟನೂ ಇದೇ ಜಾತಿಯವನು. 1751ರಿಂದ ತೋಟದ ದಿನಚರಿ, 1768ರಿಂದ ಸಾಯುವವರೆಗೆ ಪ್ರಕೃತಿಯ ದಿನಚರಿ ಇಟ್ಟವನು. ಗೋಧಿಯ ಹೊಲದಲ್ಲಿ ತೆನೆಗಳ ನಡುವೆ ಗೂಡು ಕಟ್ಟುವ ಪುಟ್ಟ ಇಲಿಯೊಂದನ್ನು ಆ ದೇಶದ ವಿದ್ವಾಂಸರಿಗೆ ಮೊದಲು ಪರಿಚಯ ಮಾಡಿಕೊಟ್ಟವನೂ ಈತನೇ. ಕೊಯ್ಲಿನವರು ಆ ಇಲಿಯನ್ನು ತಲೆತಲಾಂತರದಿಂದ ಕಂಡಿದ್ದರು, ಬರೆದವರಿರಲಿಲ್ಲ. ವೈಟನು ಗೂಡನ್ನು ತರಿಸಿ ನೋಡಿದನು. ಕ್ರಿಕೆಟ್ ಚೆಂಡಿನ ಗಾತ್ರ, ಎಲ್ಲಿಯೂ ಬಾಗಿಲಿಲ್ಲ, ಒಳಗೆ ಕಣ್ಣು ಬಿಡದ ಎಂಟು ಮರಿಗಳು. ಇಲಿಗಳನ್ನು ತಕ್ಕಡಿಯಲ್ಲಿಟ್ಟು ತೂಗಿದಾಗ ಎರಡು ಇಲಿ ಸೇರಿ ಒಂದು ತಾಮ್ರದ ಅರ್ಧಪೆನ್ನಿ ನಾಣ್ಯದ ತೂಕ ಬಂತು.

ವೈಟನ ಪುಸ್ತಕವನ್ನೋದಿದ ಮಾರ್ಷಮನು 1790ರಲ್ಲಿ ತಾನಾಗಿ ಕಾಗದ ಬರೆದನು. ಆಗ ಈತನಿಗೆ ಎಂಬತ್ತೆರಡು, ವೈಟನಿಗೆ ಎಪ್ಪತ್ತು. ಮುಖ ಕಾಣದ ಈ ಇಬ್ಬರು ಮುದುಕರ ಪತ್ರವ್ಯವಹಾರ ಮೂರು ವರ್ಷ ನಡೆಯಿತು. ವೈಟನ ಕೊನೆಯ ಕಾಗದಗಳಲ್ಲೊಂದು ಮಾರ್ಷಮನಿಗೆ 1793ರ ಜೂನ್ ತಿಂಗಳಲ್ಲಿ ಬರೆದದ್ದು; ಅದೇ ತಿಂಗಳ 26ರಂದು ಆತ ತೀರಿಕೊಂಡನು.

ಇಬ್ಬರನ್ನೂ ಕಾಡಿದ ಸಮಸ್ಯೆಯೊಂದಿತ್ತು. ಸ್ವಾಲೋ ಎಂಬ ಕವಲುಬಾಲದ ಹಕ್ಕಿ ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತದೆ? ಬೇರೆ ದೇಶಕ್ಕೆ ಹಾರುತ್ತದೆಯೇ, ಇಲ್ಲವೇ ಅಲ್ಲೇ ಎಲ್ಲೋ ಬಿಲದಲ್ಲಿ, ಪೊದೆಯಲ್ಲಿ ಅಡಗಿ ಮಲಗುತ್ತದೆಯೇ? ಕೆಲವಾದರೂ ಅಡಗಿರುತ್ತವೆಂಬ ಅನುಮಾನ ವೈಟನಿಗೆ ಕೊನೆಯವರೆಗೂ ಬಿಡಲಿಲ್ಲ. ಉತ್ತರ ಸಿಕ್ಕಿದ್ದು ನೂರಿಪ್ಪತ್ತು ವರ್ಷದ ಮೇಲೆ. 1911ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ತೊಡಿಸಿ ಬಿಟ್ಟ ಒಂದು ಸ್ವಾಲೋ 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಸಿಕ್ಕಿತು. ಇದೇ ಜಾತಿಯ ಹಕ್ಕಿಗಳು ಉತ್ತರದ ಬೇರೆ ನಾಡುಗಳಿಂದ ಚಳಿಗಾಲಕ್ಕೆ ನಮ್ಮ ಕಡೆಗೂ ಬರುತ್ತವೆ. ಗದ್ದೆಬಯಲಿನ ಕರೆಂಟು ತಂತಿಯ ಮೇಲೆ ಮಣಿ ಪೋಣಿಸಿದಂತೆ ಕುಳಿತಿರುವುದನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ.

ಮಾರ್ಷಮ್ ಮನೆತನಕ್ಕೆ ಹಿಂದಿರುಗೋಣ. ಮುದುಕ ತೀರಿಕೊಂಡ ಮೇಲೆ ಮಗ ಬರೆದನು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೆಲವು ವರ್ಷ ಸರಪಳಿ ಕಡಿದಿದೆ. ಅನಂತರ ಮೊಮ್ಮಕ್ಕಳ ಪೀಳಿಗೆ ಮತ್ತೆ ಎತ್ತಿಕೊಂಡಿತು. ಹೀಗೆ ಕೈಯಿಂದ ಕೈಗೆ ದಾಟುತ್ತ 1958ರವರೆಗೆ ಈ ದಿನಚರಿ ನಡೆಯಿತು. ಆ ಹೊತ್ತಿಗೆ ಇಂಗ್ಲೆಂಡಿನ ಸಿಂಹಾಸನದ ಮೇಲೆ ಎಷ್ಟು ಅರಸರು ಬದಲಾದರು, ಎಷ್ಟು ಯುದ್ಧಗಳಾದವು ಎಂಬುದನ್ನು ನಾವು ಶಾಲೆಯಲ್ಲಿ ಉರುಹೊಡೆಸುತ್ತೇವೆ. ಓಕ್ ಮರ ಎಲೆ ತೆರೆದ ದಿನವನ್ನು ಬರೆದವರ ಹೆಸರು ಯಾವ ಪಾಠದಲ್ಲಿಯೂ ಇಲ್ಲ.

ಇದರಿಂದ ಬಂದ ಪ್ರಯೋಜನವೇನು? ಬರೆದವರಿಗೆ, ನಿಜ ಹೇಳಬೇಕೆಂದರೆ, ಏನೂ ಬರಲಿಲ್ಲ. 1995ರಲ್ಲಿ ಸ್ಪಾರ್ಕ್ಸ್ ಮತ್ತು ಕೇರಿ ಎಂಬ ಇಬ್ಬರು ವಿಜ್ಞಾನಿಗಳು ಈ ತಾರೀಖುಗಳನ್ನು ಹಳೆಯ ಉಷ್ಣಮಾನದ ಲೆಕ್ಕದೊಡನೆ ಹೊಂದಿಸಿ ನೋಡಿದರು. ಚಳಿಗಾಲದ ಕೊನೆ ಬೆಚ್ಚಗಿದ್ದ ವರ್ಷ ಬಹುತೇಕ ಗುರುತುಗಳು ಬೇಗ ಬಂದಿದ್ದವು. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಅಲ್ಲ. ಓಕ್ ಮರ ಬಿಸಿಗೆ ಚುರುಕಾಗಿ ಓಗೊಡುತ್ತದೆ, ಆಷ್ ಮರ ಮಂದ. ಈ ಎರಡರಲ್ಲಿ ಯಾವುದು ಮೊದಲು ಚಿಗುರಿತೆಂದು ನೋಡಿ ಮುಂದಿನ ಮಳೆಯನ್ನು ಹೇಳುವ ಗಾದೆಯೊಂದು ಆ ದೇಶದ ಹಳ್ಳಿಗಳಲ್ಲಿದೆ. ಚಿಗುರು ಹೇಳುವುದು ಕಳೆದ ತಿಂಗಳುಗಳ ಉಷ್ಣವನ್ನು, ಮುಂಬರುವ ಮಳೆಯನ್ನಲ್ಲವೆಂಬುದು ಇಂತಹ ದಾಖಲೆಯಿಂದ ತಿಳಿಯುತ್ತದೆ. ಭೂಮಿ ಬಿಸಿಯಾಗುತ್ತಿದೆಯೆಂಬ ಇಂದಿನ ಚರ್ಚೆಗೆ ಉಪಯೋಗವಾದೀತೆಂದು ಮಾರ್ಷಮನು ಕನಸಿನಲ್ಲಿಯೂ ಎಣಿಸಿರಲಾರನು.

ಆತನಂತೆ ಜಮೀನ್ದಾರಿಕೆ ಇದ್ದವರಿಗೆ ಮಾತ್ರ ಇದು ಸಾಧ್ಯವೆಂದು ನೀವು ಹೇಳಬಹುದು. ಹಾಗಲ್ಲವೆಂಬುದಕ್ಕೆ ಅಮೆರಿಕದ ಆಲ್ಡೋ ಲಿಯೋಪೋಲ್ಡರ ನಿದರ್ಶನವಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಇವರು 1935ರಲ್ಲಿ ಬರಬೂ ಎಂಬ ಊರಿನ ಬಳಿ, ಸಾರ ತೀರಿ ಹಾಳುಬಿದ್ದಿದ್ದ ಮರಳು ಜಮೀನೊಂದನ್ನು ಕೊಂಡರು. ಅದರಲ್ಲಿ ಉಳಿದಿದ್ದುದು ಒಂದು ಕೋಳಿಗೂಡು. ಅದನ್ನೇ ಗುಡಿಸಿ ಸರಿಮಾಡಿಕೊಂಡು ಹೆಂಡತಿ ಮಕ್ಕಳೊಡನೆ ರಜಾದಿನಗಳಲ್ಲಿ ಅಲ್ಲಿ ಉಳಿದು, ಸಾವಿರಾರು ಪೈನ್ ಸಸಿ ನೆಟ್ಟರು. ಬೆಳಕು ಹರಿಯುವ ಮುನ್ನ ಎದ್ದು, ಕಾಫಿಯ ಪಾತ್ರೆಯನ್ನೂ ನೋಟುಪುಸ್ತಕವನ್ನೂ ಹಿಡಿದು ಹೊರಗೆ ಕೂರುವರು. ಯಾವ ಹಕ್ಕಿ ಎಷ್ಟು ಗಂಟೆಗೆ ಮೊದಲ ದನಿ ತೆಗೆಯಿತು, ಆಗ ಎಷ್ಟು ಬೆಳಕಿತ್ತು ಎಂಬುದನ್ನು ಅಳೆದು ಬರೆಯುವರು. ಹತ್ತು ವರ್ಷಗಳ ಟಿಪ್ಪಣಿಯನ್ನು 1947ರಲ್ಲಿ ಪ್ರಕಟಿಸಿದರು. ಮರುವರ್ಷ ಏಪ್ರಿಲ್ 21ರಂದು ಪಕ್ಕದ ಜಮೀನಿನ ಹುಲ್ಲಿಗೆ ಬಿದ್ದ ಬೆಂಕಿಯನ್ನು ಆರಿಸಲು ಹೋಗಿ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಅವರ ಮಗಳು ನೀನಾ 1976ರಲ್ಲಿ ಅದೇ ಜಮೀನಿಗೆ ಮರಳಿ ಬಂದು, ತಂದೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಮತ್ತೆ ಬರೆಯತೊಡಗಿದರು. 1999ರಲ್ಲಿ ತಂದೆಯ ಕಾಲದ ಮತ್ತು ಮಗಳ ಕಾಲದ ದಾಖಲೆಗಳನ್ನು ಹೋಲಿಸಿ ನೋಡಿದಾಗ ಐವತ್ತೈದು ಗುರುತುಗಳ ಸರಾಸರಿಯಲ್ಲಿ ವಸಂತವು ಅರವತ್ತು ವರ್ಷಕ್ಕೆ ಸುಮಾರು ಏಳು ದಿನ ಮುಂದೆ ಸರಿದಿತ್ತು. ಕೆಲವು ಮಾತ್ರ ಕದಲಿರಲಿಲ್ಲ. ಅವು ಬಿಸಿಲಿನ ತಾಪವನ್ನಲ್ಲ, ಹಗಲಿನ ಉದ್ದವನ್ನು ನೋಡಿ ನಡೆಯುವ ಜೀವಿಗಳಿರಬೇಕು.

ನಮ್ಮ ರೈತನಿಗೆ ಇಂತಹ ತಿಳಿವಳಿಕೆ ಇಲ್ಲವೇ? ಬೇಕಾದಷ್ಟಿದೆ. ಆದರೆ ಗಾದೆಯಲ್ಲಿ ನಿಯಮ ಉಳಿಯುತ್ತದೆ, ವರ್ಷ ಉಳಿಯುವುದಿಲ್ಲ. ಇನ್ನೊಂದು ತೊಡಕು ಪಂಚಾಂಗದ್ದು. 2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂತು, 2021ರಲ್ಲಿ ಏಪ್ರಿಲ್ 13ಕ್ಕೆ. 'ಯುಗಾದಿಗೆ ಎರಡು ದಿನ ಮೊದಲು ಹೊಂಗೆ ಚಿಗುರಿತು' ಎಂದು ಎರಡು ವರ್ಷವೂ ಬರೆದಿಟ್ಟರೆ ಒಂದೇ ಕಾಲವೆಂದು ತೋರುತ್ತದೆ. ನಿಜದಲ್ಲಿ ಹತ್ತೊಂಬತ್ತು ದಿನದ ಅಂತರ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಹಬ್ಬಕ್ಕೆ ಚಂದ್ರನ ತಿಥಿ ಹಿಡಿದರೂ ಮಳೆಗೆ ಸೂರ್ಯನ ನಕ್ಷತ್ರವನ್ನೇ ಹಿಡಿದರು. ರೋಹಿಣಿ ಮಳೆ ಹುಟ್ಟುವುದು ವರ್ಷ ವರ್ಷವೂ ಮೇ 24, 25ರ ಸುಮಾರಿಗೇ. ತಾರೀಖಿನ ಗೊಂದಲ ಮಾರ್ಷಮನಿಗೂ ತಪ್ಪಲಿಲ್ಲವೆನ್ನಿ: 1752ರಲ್ಲಿ ಇಂಗ್ಲೆಂಡು ಹೊಸ ಕ್ಯಾಲೆಂಡರಿಗೆ ಬದಲಾದಾಗ ಸೆಪ್ಟೆಂಬರ್ 2ರ ಮರುದಿನವೇ 14 ಆಯಿತು. ಅದಕ್ಕೆ ಹಿಂದಿನ ತಾರೀಖುಗಳನ್ನು ಓದುವವರು ಹನ್ನೊಂದು ದಿನ ಕೂಡಿಸಿಕೊಳ್ಳಬೇಕು. ಶಾಸನದ ಕಾಲ ನಿರ್ಣಯಿಸುವಾಗ ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವನ್ನೂ ತಾಳೆ ನೋಡುವುದು ಇದಕ್ಕಾಗಿಯೇ.

ಈ ವಿಷಯ ನನಗೆ ಪುಸ್ತಕದಿಂದ ಹತ್ತಿದ್ದಲ್ಲ. ನಮ್ಮ ತಂದೆ ಓದಿದ್ದು ಲೋವರ್ ಸೆಕೆಂಡರಿ; ನಾಲ್ಕು ಎಕರೆ ಬೇಸಾಯ. ಕಣಜದ ಕೋಣೆಯ ಮೊಳೆಗೆ ಪಂಚಾಂಗ ನೇತುಹಾಕಿ, ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೊಂದು ಪದ ಬರೆಯುತ್ತಿದ್ದರು. 'ಹೊಂಗೆ.' 'ಮಿಂಚುಹುಳು.' 'ಕೆರೆಗೆ ಬಾತು.' 'ಬಣವೆ ಅಡಿ ಮುಂಗುಸಿ, ಮರಿ 3.' ಯಾತಕ್ಕೆಂದು ನಾವು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಅವರು ಹೋದ ವರ್ಷ ಗೌರಿಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲೆ ಹಳೆಯ ಪಂಚಾಂಗಗಳ ಕಟ್ಟು ಸಿಕ್ಕಿತು. ಹಳೆಯ ಪಂಚಾಂಗವನ್ನು ಮನೆಯಲ್ಲಿಡಬಾರದೆಂದು ಯಾರೋ ಅಂದರು. ಬಚ್ಚಲ ಒಲೆಗೆ ಹಾಕಿದವನು ನಾನೇ, ಕನ್ನಡ ಪಂಡಿತ, ತಾಳೆಗರಿಗಳನ್ನು ಕಾಪಾಡಬೇಕೆಂದು ತರಗತಿಯಲ್ಲಿ ಪಾಠ ಹೇಳುವವನು. ಮೂರು ಮಾತ್ರ ಉಳಿದಿವೆ, ರೌದ್ರಿ, ದುಂದುಭಿ ಮತ್ತು ರಕ್ತಾಕ್ಷಿ ಸಂವತ್ಸರದವು. ಅಂದರೆ 1980, 1982, 1984ರಲ್ಲಿ ಆರಂಭವಾದ ವರ್ಷಗಳು. ರಕ್ತಾಕ್ಷಿಯಲ್ಲಿ ರೋಹಿಣಿ ಮಳೆಯ ಎರಡನೆಯ ದಿನಕ್ಕೆ ಎದುರಾಗಿ 'ಕಪ್ಪೆ' ಎಂದಿದೆ. ದುಂದುಭಿಯಲ್ಲಿ ರೋಹಿಣಿ ಮುಗಿಯುವಲ್ಲಿ 'ಕಪ್ಪೆ ಇಲ್ಲ' ಎಂದಿದೆ. ರೌದ್ರಿಯ ಆ ಹಾಳೆಯನ್ನು ಗೆದ್ದಲು ತಿಂದಿದೆ. ಎರಡು ಅಂಕಿಗಳಿಂದ ಯಾವ ವಿಜ್ಞಾನಿಯೂ ಏನೂ ಹೇಳಲಾರ.

ನಮ್ಮ ನಾಡಿನಲ್ಲಿ ಈಗ 'ಸೀಸನ್‌ವಾಚ್' ಎಂಬ ಯೋಜನೆಯಿದೆ; 2010ರಿಂದ ಶಾಲೆಯ ಮಕ್ಕಳೂ ಗೃಹಸ್ಥರೂ ತಮ್ಮ ಹತ್ತಿರದ ಮರವೊಂದನ್ನು ಆರಿಸಿಕೊಂಡು ಅದರ ಚಿಗುರು, ಹೂ, ಕಾಯಿಗಳನ್ನು ಬರೆದು ಕಳುಹಿಸುತ್ತಾರೆ. ಮೊಬೈಲಿನಲ್ಲೇ ಆಗುತ್ತದೆಯಂತೆ. ನನಗೆ ಕಾಗದವೇ ಒಗ್ಗುತ್ತದೆ. ನೀವು ಆರಂಭಿಸುವುದಾದರೆ ಗುರುತುಗಳು ಐದೇ ಇರಲಿ, ಊರೆಲ್ಲ ಸುತ್ತಬೇಡಿ. ಅದೇ ಬಾವಿ, ಅದೇ ಬದು, ಅದೇ ಮರ. ಇಂಗ್ಲಿಷ್ ತಾರೀಖನ್ನೂ ವರ್ಷವನ್ನೂ ಮರೆಯದೆ ಬರೆಯಿರಿ. ಕೇಳಿದ ಮಾತನ್ನು ಕಂಡದ್ದರೊಡನೆ ಬೆರೆಸಬೇಡಿ. ಹೆಸರು ತಿಳಿಯದ ಹಕ್ಕಿಗೆ ಹೆಸರು ಕಟ್ಟುವ ಬದಲು ಬಣ್ಣ, ಗಾತ್ರ, ಕುಳಿತ ಜಾಗ ಬರೆದರೆ ಸಾಕು.

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ನನ್ನ ತಮ್ಮನ ಮಗಳಿಗೆ ಒಂದು ನೋಟುಪುಸ್ತಕ ಕೊಟ್ಟು, ಹಿತ್ತಿಲಾಚೆಯ ಹೊಂಡವನ್ನು ತೋರಿಸಿ ಹೀಗೆ ಹೀಗೆ ಎಂದು ಹೇಳಿದೆ. ಎಂಟನೆಯ ತರಗತಿಯ ಹುಡುಗಿ. ನಾಲ್ಕು ದಿನ ಸಂಜೆ ಹೋಗಿ ಬಂದಳು. ಐದನೆಯ ದಿನ ಬಾಗಿಲಲ್ಲಿ ನಿಂತು, "ದೊಡ್ಡಪ್ಪ, ಕೂಗದೇ ಇದ್ದ ದಿನಾನೂ ಬರೀಬೇಕಾ?" ಎಂದಳು.

"ಅದನ್ನೂ ಬರಿಯಮ್ಮ. ನಿಮ್ಮ ತಾತ ಬರೀತಿದ್ದರು" ಎಂದೆ.